ಗೊಂಡೆಯ ಲೆಕ್ಕ

ಗೊಂಡೆ, ಕುಚ್ಚು ಎಂಬ ಮಾತುಗಳನ್ನು ನಾವು ಒಂದಕ್ಕೊಂದು ಬದಲಾಗಿ ಬಳಸುತ್ತೇವೆ. ಆದರೂ ನನ್ನ ಕಿವಿಗೆ ಅವುಗಳಲ್ಲಿ ಒಂದು ಭೇದ ಕೇಳಿಸುತ್ತದೆ. ಸೀರೆಯ ಸೆರಗಿಗೆ ಕಟ್ಟುವುದು ಕುಚ್ಚು. ಕಾರಹುಣ್ಣಿಮೆಯಂದು ಎತ್ತಿನ ಕೊಂಬಿಗೆ, ಮನೆಯಲ್ಲಿ ತೊಟ್ಟಿಲ ಹಗ್ಗಕ್ಕೆ ಕಟ್ಟುವುದು ಗೊಂಡೆ. ಮಗ್ಗದಿಂದ ಕತ್ತರಿಸಿದ ಬಟ್ಟೆಯ ತುದಿಯಲ್ಲಿ ಹಾಸಿನ ಎಳೆಗಳು ಉಳಿಯುತ್ತವೆ. ಅವು ಬಿಚ್ಚಿಕೊಳ್ಳದಂತೆ ಹಾಕಿದ ಗಂಟು ಅಲಂಕಾರವೂ ಆದಾಗ ಕುಚ್ಚು ಎನಿಸಿತು. ಗೊಂಡೆಯಾದರೋ ಸ್ವತಂತ್ರ ಜೀವಿ. ಅದಕ್ಕೆ ತಲೆಯಿದೆ, ಕತ್ತಿದೆ, ಜೋಲುಗಳಿವೆ. ಈ ಮೂರನ್ನೂ ಒಂದೇ ದಾರದಿಂದ, ಒಂದೇ ಸೂಜಿಯಿಂದ ಹೆಣೆಯುವ ಬಗೆಯೇ ಇಂದಿನ ವಿಷಯ.

ಆ ಸೂಜಿ ಕ್ರೋಶಾ ಸೂಜಿ. ಹೆಸರು ಫ್ರೆಂಚ್ ಭಾಷೆಯದು. ಸಣ್ಣ ಕೊಕ್ಕೆ ಎಂದಷ್ಟೇ ಅರ್ಥ. ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯನ್ನು ಎಳೆಯುವುದೇ ಅದರ ಸಮಸ್ತ ವಿದ್ಯೆ. ನಮಗೆ ಇದೇನೂ ತೀರ ಹೊಸತಲ್ಲ. ಕುಷ್ಟಗಿಗೆ ಹತ್ತಿರದ ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆಗೆ ಕುಣಿಕೆ ಸೇರಿಸಿ ಕೂಡಿಸುತ್ತಾರೆ. ಅವರು ಅದನ್ನು ಕೊಂಡಿ ಎನ್ನುತ್ತಾರೆ.

ನನ್ನ ಸೋದರತ್ತೆಯ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಮಾದರಿಪುಸ್ತಕದ ಒಂದು ಹಾಳೆಯಿತ್ತು. ರಕ್ಷಾಪುಟವಿಲ್ಲ, ವರ್ಷವಿಲ್ಲ, ಮುದ್ರಕರ ಹೆಸರಿಲ್ಲ. ಅದರಲ್ಲಿ ಗೊಂಡೆಯೊಂದರ ವಿಧಾನವಿದೆ. ತಲೆಯನ್ನು ‘ಡಬಲ್’ ಹೊಲಿಗೆಯಲ್ಲಿ ಹೆಣೆಯಬೇಕೆನ್ನುತ್ತದೆ. ಇಲ್ಲಿಯೇ ತೊಡಕು. ಬ್ರಿಟನ್ನಿನ ಪುಸ್ತಕಗಳಲ್ಲಿ ಡಬಲ್ ಎಂದರೆ ಗಿಡ್ಡ ಹೊಲಿಗೆ. ಅದನ್ನೇ ಅಮೆರಿಕದವರು ಸಿಂಗಲ್ ಎನ್ನುತ್ತಾರೆ. ಅಮೆರಿಕದ ಡಬಲ್ ಎತ್ತರದ ಹೊಲಿಗೆ. ಬ್ರಿಟನ್ನಿನಲ್ಲಿ ಅದು ಟ್ರೆಬಲ್. ಸಾಲದ್ದಕ್ಕೆ, ವೃತ್ತದ ಎರಡು ತುದಿಗಳನ್ನು ಕೂಡಿಸುವ ಜಾರುಹೊಲಿಗೆಯನ್ನು ಹಳೆಯ ಬ್ರಿಟಿಷ್ ಪುಸ್ತಕಗಳು ಸಿಂಗಲ್ ಎಂದು ಕರೆಯುವುದುಂಟು. ಇಂದು ಮೊಬೈಲಿನ ವಿಡಿಯೋ ನೋಡಿ ಕಲಿತ ಹುಡುಗಿ ಅಮೆರಿಕದ ಲೆಕ್ಕ ಹಿಡಿದು ಕುಳಿತರೆ, ಗೊಂಡೆಯ ತಲೆ ಜಾಳಾಗಿ ಒಳಗಿನ ಅರಳೆ ಹೊರಗೆ ಇಣುಕುತ್ತದೆ.

ತಾಳೆಗರಿಯ ಕಾಲವನ್ನು ಗೊತ್ತುಮಾಡುವವರು ಮಾಡುವ ಕೆಲಸವನ್ನೇ ಇಲ್ಲಿಯೂ ಮಾಡಬೇಕು: ಒಳಗಿನ ಸಾಕ್ಷ್ಯವನ್ನು ಹುಡುಕಬೇಕು. ನನ್ನ ಹಾಳೆಯಲ್ಲಿ ‘ಕಲರ್’ ಎಂಬ ಮಾತಿನ ಕಾಗುಣಿತದಲ್ಲಿ ‘ಯು’ ಅಕ್ಷರವಿದೆ. ಸುತ್ತು ಕೂಡಿಸಲು ಸಿಂಗಲ್ ಹಾಕೆಂದಿದೆ. ಬ್ರಿಟನ್ನಿನ ಪಾಠವೆನ್ನಲು ಇಷ್ಟು ಸಾಕು. ಇನ್ನೊಂದು ಎಚ್ಚರವನ್ನೂ ಹೇಳಿಬಿಡುತ್ತೇನೆ. ಹಳೆಯ ಉಕ್ಕಿನ ಸೂಜಿಗಳಲ್ಲಿಯೂ ದಾರದಲ್ಲಿಯೂ ಸಂಖ್ಯೆ ಏರಿದಂತೆ ಗಾತ್ರ ಇಳಿಯುತ್ತದೆ. 20ರ ದಾರಕ್ಕಿಂತ 40ರದು ತೆಳು.

ಇನ್ನು ಹೆಣಿಗೆ. ಆರು ಸರಪಣಿ ಹಾಕಿ ಉಂಗುರವಾಗಿ ಕೂಡಿಸಿ. ಉಂಗುರದೊಳಗೆ 12 ಗಿಡ್ಡ ಹೊಲಿಗೆ. ಎರಡನೆಯ ಸುತ್ತಿನಲ್ಲಿ ಒಂದು ಬಿಟ್ಟು ಒಂದರಲ್ಲಿ ಎರಡೆರಡು ಹಾಕಿದರೆ 18. ಮುಂದಿನ ಮೂರು ಸುತ್ತು 18ಕ್ಕೇ ನಿಲ್ಲಲಿ. ಹೆಚ್ಚಿಸುವುದನ್ನು ನಿಲ್ಲಿಸಿದೊಡನೆ ಚಪ್ಪಟೆಯಾದದ್ದು ಬಟ್ಟಲಾಗಿ ಬಾಗುವುದನ್ನು ಕಣ್ಣಾರೆ ಕಾಣಬಹುದು. ಅರಳೆ ತುಂಬಿ, ಆರನೆಯ ಸುತ್ತಿನಲ್ಲಿ ಒಂದನ್ನು ಹಾಗೆಯೇ ಹೆಣೆದು ಮುಂದಿನ ಎರಡನ್ನು ಜೊತೆಗೂಡಿಸುತ್ತ ಬಂದರೆ ಮತ್ತೆ 12, ಅದೇ ಕತ್ತು. ಕತ್ತಿನ ಒಂದೊಂದು ಹೊಲಿಗೆಯಿಂದ 40 ಸರಪಣಿ ಇಳಿಸಿ, ಹಿಂದಿರುಗುವಾಗ ಪ್ರತಿ ಸರಪಣಿಯಲ್ಲಿ ಎರಡೆರಡು ಗಿಡ್ಡ ಹೊಲಿಗೆ ಹಾಕಬೇಕು. 40ರ ಜಾಗದಲ್ಲಿ 80 ಕೂರಲಾರವು. ಆದುದರಿಂದ ಜೋಲು ತಾನಾಗಿಯೇ ಸುರುಳಿಯಾಗುತ್ತದೆ. ಇದೇ ಗುಣವನ್ನು ಹಿಡಿದು 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ಟೈಮಿನಾ ಅವರು ಯೂಕ್ಲಿಡ್ಡನ ನಿಯಮಕ್ಕೆ ಒಗ್ಗದ ರೇಖಾಗಣಿತದ ಮೇಲ್ಮೈಯೊಂದನ್ನು ಕ್ರೋಶಾದಲ್ಲಿ ಹೆಣೆದು ತೋರಿಸಿದರು. ನಮ್ಮತ್ತೆಗೆ ಯೂಕ್ಲಿಡ್ ಯಾರೆಂದು ತಿಳಿದಿರಲಿಲ್ಲ. ಸುರುಳಿ ಏಕೆ ಆಗುತ್ತದೆಂಬುದು ಮಾತ್ರ ಚೆನ್ನಾಗಿ ತಿಳಿದಿತ್ತು.

ಇಂಥ ತಿಳಿವಳಿಕೆಯನ್ನು ಹೆಂಗಸರ ಬಿಡುವಿನ ಕೆಲಸವೆಂದು ತಳ್ಳಿಹಾಕುವುದು ಸುಲಭ. ಆ ಮಾತಿಗೆ ಬೆಲೆ ತೆತ್ತವರೂ ಇದ್ದಾರೆ. ಆಂಧ್ರದ ನರಸಾಪುರದಲ್ಲಿ ಮನೆಮನೆಯಲ್ಲಿ ಕ್ರೋಶಾ ಲೇಸು ಹೆಣೆಯುತ್ತಿದ್ದ ಹೆಂಗಸರನ್ನು ಕುರಿತು ಮರಿಯಾ ಮೀಸ್ ಎಂಬ ಸಮಾಜವಿಜ್ಞಾನಿ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಸರಕು ವಿದೇಶಕ್ಕೆ ಹೋಗುತ್ತಿತ್ತು, ಲಾಭ ವ್ಯಾಪಾರಿಗೆ ಸೇರುತ್ತಿತ್ತು. ಹೆಣೆಯುವವಳು ‘ಗೃಹಿಣಿ’ ಎಂದೇ ಗಣನೆಗೆ ಬರುತ್ತಿದ್ದುದರಿಂದ ಅವಳಿಗೆ ಸಿಕ್ಕುತ್ತಿದ್ದುದು ಪುಡಿಗಾಸು. ಸೆರಗಿನ ಕುಚ್ಚಿಗೆ ಚೌಕಾಸಿ ಮಾಡುವ ನಾವು ಇದನ್ನು ಒಮ್ಮೆ ಓದಬೇಕು.

ಸಾಣಾಪುರದ ಸುತ್ತ ಭತ್ತದಷ್ಟೇ ಬಾಳೆಯೂ ಕಣ್ಣಿಗೆ ಬೀಳುತ್ತದೆ. ಗೊನೆ ಕಡಿದ ಮೇಲೆ ದಿಂಡು ತೋಟದಲ್ಲಿಯೇ ಕೊಳೆಯುತ್ತದೆ. ನೆರೆಯ ಆನೆಗೊಂದಿಯಲ್ಲಿ 1997ರಲ್ಲಿ ಆರಂಭವಾದ ಕಿಷ್ಕಿಂಧಾ ಟ್ರಸ್ಟಿನ ಆಶ್ರಯದಲ್ಲಿ ಹೆಂಗಸರು ಆ ದಿಂಡಿನ ಪಟ್ಟೆಯನ್ನು ಒಣಗಿಸಿ, ಸೀಳಿ, ಹೊಸೆದು, ಆ ಹುರಿಯಿಂದ ಬುಟ್ಟಿ, ಚೀಲಗಳನ್ನು ಮಾಡುವುದನ್ನು ಕಲಿತರು. ಅಂಥ ಹುರಿಯಲ್ಲಿ ನನ್ನ ಗೊಂಡೆಯನ್ನು ಹೆಣೆಯಬಹುದೇ ಎಂದು ನಮ್ಮೂರಿನ ಒಬ್ಬಾಕೆಯನ್ನು ಕೇಳಿದೆ. ಹಾಳೆಯನ್ನು ಅವಳು ಓದಲಿಲ್ಲ; ಚಿತ್ರವನ್ನು ಮಾತ್ರ ನೋಡಿದಳು. ಹುರಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಳು, ಏಕೆಂದರೆ ಒಣಹುರಿ ಕೊಕ್ಕೆಗೆ ಬಾಗದೆ ಮುರಿಯುತ್ತದೆ. ದಪ್ಪ ಸೂಜಿ ಹಿಡಿದಳು. ತಲೆಯ 12, 18ರ ಲೆಕ್ಕ ಹಾಗೆಯೇ ನಿಂತಿತು. ಜೋಲಿಗೆ ಬಂದಾಗ ಕೈ ತಡೆದಳು: “ಇಷ್ಟು ಉದ್ದ ಬ್ಯಾಡ್ರಿ ಅಕ್ಕಾರ, ಭಾರಕ್ಕ ಕುತ್ತಿಗಿ ಜಗ್ಗತೈತಿ.”

ಮಾದರಿಯಲ್ಲಿ ಬರೆಯದೆ ಉಳಿದಿದ್ದುದು ಇದೇ. ಅರಳೆಯ ದಾರದ ಕತ್ತು ಹೊರುವ ಭಾರ ಬೇರೆ, ಬಾಳೆಯದು ಬೇರೆ. ಅವಳು 22 ಸರಪಣಿಗೆ ನಿಲ್ಲಿಸಿ, ಹನ್ನೆರಡು ಜೋಲುಗಳ ಬದಲು ಆರನ್ನೇ ಇಳಿಸಿ, ನೆರಳಿನಲ್ಲಿ ಒಣಗಹಾಕಿದಳು. ಸುರುಳಿ ಬಿಗಿಯಾಗಿ ನಿಂತಿದೆ. ಅತ್ತೆಯ ಹಾಳೆಯ ಅಂಚಿನಲ್ಲಿ ಈ ಎರಡು ಸಂಖ್ಯೆಗಳನ್ನು ಪೆನ್ಸಿಲಿನಿಂದ ಗುರುತಿಸಿ, ಪಕ್ಕದಲ್ಲಿ ‘ಬಾಳೆ ಹುರಿಗೆ’ ಎಂದು ಬರೆದಿಟ್ಟಿದ್ದೇನೆ.