ಅಂಗಿಗೆ ಒಪ್ಪುವ ಟೋಪಿ: ಹಂಪಿಯ ಕುಲ್ಲಾಯಿಯಿಂದ ಸಂಡೂರಿನ ಕಸೂತಿವರೆಗೆ

ಈಗಿನ ಬಟ್ಟೆ ಕಂಪೆನಿಗಳು ಅಂಗಿ, ಪ್ಯಾಂಟು ಹೊಲಿಸಿ ಸುಮ್ಮನಾಗುವುದಿಲ್ಲ. ಅದೇ ಬಣ್ಣಕ್ಕೆ ಒಪ್ಪುವ ಟೋಪಿಯನ್ನೂ ಮಾಡಿಸಿ ಜೊತೆಗೇ ಮಾರುತ್ತವೆ. ಇದು ಹೊಸ ವ್ಯಾಪಾರ ಅಂತ ನಾವು ತಿಳಿದಿದ್ದೇವೆ. ಆದರೆ ಹೊಸಪೇಟೆಯ ಪಕ್ಕದ ಹಂಪಿಯಲ್ಲಿ ಐನೂರು ವರ್ಷ ಹಿಂದೆಯೇ ಉಡುಪಿಗೆ ತಕ್ಕ ಟೋಪಿ ಇತ್ತು.

ವಿಜಯನಗರದ ಆಸ್ಥಾನಕ್ಕೆ ಹೋಗುವವರ ಮೈಮೇಲೆ ಉದ್ದನೆಯ ಕಬಾಯಿ, ತಲೆಯ ಮೇಲೆ ಎತ್ತರದ ಕುಲ್ಲಾಯಿ. ಎರಡೂ ಜೋಡಿ. ಕಬಾಯಿ ಎಂಬುದು ಅರಬಿಯ 'ಖಬಾ', ಕುಲ್ಲಾಯಿ ಎಂಬುದು ಪಾರ್ಸಿಯ 'ಕುಲಾಹ್'. ಎಳೆಮಕ್ಕಳ ತಲೆಗೆ ಹಾಕುವ ಕುಲಾವಿಯೂ ಇದೇ ಮನೆತನದ ಮಾತು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಕೃಷ್ಣದೇವರಾಯನನ್ನು ಕಣ್ಣಾರೆ ಕಂಡು ಬರೆದಿದ್ದಾನೆ: ಬಿಳಿ ಬಟ್ಟೆಯ ಮೇಲೆ ಬಂಗಾರದ ಗುಲಾಬಿ ಕಸೂತಿ, ತಲೆಗೆ ಜರಿಯ ಟೋಪಿ, ಕಾಲು ಮಾತ್ರ ಬರಿಗಾಲು. ತಿರುಮಲೆಯಲ್ಲಿರುವ ರಾಯನ ಲೋಹದ ವಿಗ್ರಹದ ತಲೆಯಲ್ಲೂ, ಲೇಪಾಕ್ಷಿಯ ಚಾವಣಿ ಚಿತ್ರಗಳಲ್ಲೂ ಈ ಎತ್ತರದ ಟೋಪಿ ಇಂದಿಗೂ ಕಾಣುತ್ತದೆ.

ಇದು ಹೇಗೆ ಬಂತು? ಹೊರ್ಮುಜ್ ಕಡೆಯ ಕುದುರೆಗಳು ಪಶ್ಚಿಮ ಕರಾವಳಿಯ ರೇವುಗಳಲ್ಲಿ ಇಳಿದು ರಾಜಧಾನಿಗೆ ಹೋಗುತ್ತಿದ್ದವು. 1443ರಲ್ಲಿ ಹೆರಾತಿನ ಶಾರುಖ್ ಬಾದಶಹನ ರಾಯಭಾರಿ ಅಬ್ದುಲ್ ರಜಾಕ್ ಕಲ್ಲಿಕೋಟೆಯಿಂದ ಹಡಗಿನಲ್ಲಿ ನಮ್ಮ ಮಂಗಳೂರಿಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ಇಮ್ಮಡಿ ದೇವರಾಯನ ದರ್ಬಾರಿಗೆ ಹೋದನು. ಸರಕಿನ ಜೊತೆ ಉಡುಪಿನ ರೀತಿಯೂ ಬಂತು. ವಿಜಯನಗರದ ಅರಸರು ಈ ಉಡುಪನ್ನು ದರ್ಬಾರಿಗೆ ಇಟ್ಟುಕೊಂಡು, ದೇವಸ್ಥಾನದ ಕಾರ್ಯಗಳಿಗೆ ಹಳೆಯ ಉಡುಪನ್ನೇ ಉಳಿಸಿಕೊಂಡರು ಎಂದು ಚರಿತ್ರೆಕಾರ ಫಿಲಿಪ್ ವ್ಯಾಗನರ್ 1996ರಲ್ಲಿ ತೋರಿಸಿದ್ದಾರೆ. ಟೋಪಿ ಹಾಕಿದ್ದರಿಂದ ಯಾರ ಧರ್ಮವೂ ಹೋಗಲಿಲ್ಲ. ಟೋಪಿ ನೋಡಿ ಮನುಷ್ಯನನ್ನು ಅಳೆಯುವ ಈ ಕಾಲದಲ್ಲಿ ಇದನ್ನು ನಮ್ಮ ಮಕ್ಕಳಿಗೂ, ನೆರೆಮನೆಯವರಿಗೂ ಹೇಳಬೇಕು.

ಕಸುಬು ಅಲ್ಲಿ ಸತ್ತಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದೆ. 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಂಗಸರು ಮಾಡಿದ 1,755 ವಸ್ತುಗಳು ಪ್ರದರ್ಶನಗೊಂಡು ಗಿನ್ನೆಸ್ ದಾಖಲೆಯಾಯಿತು. ಹತ್ತಿರದ ಬಳ್ಳಾರಿ ಜೀನ್ಸಿಗೆ ಹೆಸರಾದ ಊರು. ಜೀನ್ಸಿನ ಉಳಿದ ತುಂಡು, ಲಂಬಾಣಿ ಹೆಂಗಸರ ಸೂಜಿ ಎರಡೂ ಸೇರಿದರೆ ಒಳ್ಳೆಯ ಟೋಪಿಯಾಗುತ್ತದೆ.

ಮನೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡ ನಮ್ಮ ಅಕ್ಕತಂಗಿಯರಿಗೂ ಇದರಲ್ಲಿ ಪಾಠ ಉಂಟು. ಅಂಗಡಿಯವರು ಕುರ್ತಾ ಹೊಲಿಯಲು ಕೊಟ್ಟಾಗ ಟೋಪಿಯ ಮಾತನ್ನೂ ಆಗಲೇ ಎತ್ತಬೇಕು. ಬಟ್ಟೆಯನ್ನು ಒಂದೇ ಥಾನಿನಿಂದ ಕತ್ತರಿಸಬೇಕು. ಬೇರೆ ಥಾನು ತಂದರೆ ಬಣ್ಣ ಒಂದು ಎಳೆಯಾದರೂ ಬದಲಾಗುತ್ತದೆ. ಹತ್ತಿಯಾದರೆ ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸಬೇಕು, ಇಲ್ಲವಾದರೆ ಒಗೆದ ಮೇಲೆ ತಲೆಗೆ ಬಿಗಿಯುತ್ತದೆ. ಹಣೆಯ ಮೇಲಿಂದ ಕಿವಿಯ ಮೇಲ್ಭಾಗಕ್ಕೆ ತಾಗಿದಂತೆ ಟೇಪು ಸುತ್ತಿ ಅಳತೆ ತೆಗೆದು, ಹೊಲಿಗೆಗೆ ಬಟ್ಟೆ ಬಿಡಬೇಕು. ಒಳಗೆ ಬೆವರು ಹೀರುವ ತೆಳು ಹತ್ತಿ ಇರಲಿ. ಕನ್ನಡಿ ಕೆಲಸವನ್ನು ಹಣೆಯ ಭಾಗಕ್ಕೆ ತರಬಾರದು, ಸುಜೂದ್‌ನಲ್ಲಿ ಚುಚ್ಚುತ್ತದೆ. ಮುಂದೆ ಅಂಚು ಇರುವ ಕ್ಯಾಪಾದರೆ ಅಂಚು ಹಣೆಗೆ ಅಡ್ಡ ಬರುತ್ತದೆ; ಹುಡುಗರು ನಮಾಜಿಗೆ ನಿಂತಾಗ ಅದನ್ನು ಹಿಂದಕ್ಕೆ ತಿರುಗಿಸುವುದು ಅದಕ್ಕೇ.

ಕೊನೆಯದು ದುಡ್ಡಿನ ಮಾತು. ಟೋಪಿ ಸಣ್ಣದು ಅಂತ ಕೂಲಿಯನ್ನೂ ಸಣ್ಣದು ಮಾಡುವವರಿದ್ದಾರೆ. ಬಟ್ಟೆ ಕಡಿಮೆ ಸಾಕು, ನಿಜ. ಆದರೆ ಕಸೂತಿಗೆ ಎಷ್ಟು ದಿನ ಹಿಡಿಯಿತು ಎಂಬುದೇ ಅದರ ಬೆಲೆ. ಆ ಲೆಕ್ಕವನ್ನು ಕೆಲಸ ಹಿಡಿಯುವ ಮೊದಲೇ ಬರೆದು ಇಟ್ಟುಕೊಳ್ಳಿ. ಕೂಲಿಯವನ ಬೆವರು ಆರುವ ಮೊದಲು ಕೂಲಿ ಕೊಡಿ ಎಂಬುದು ನಮ್ಮ ದೀನ್ ಕಲಿಸಿದ ಮಾತು. ಕೊಡುವವರೂ ಅದನ್ನು ನೆನಪಿಟ್ಟುಕೊಳ್ಳಲಿ, ಕೇಳುವವರೂ ನಾಚಿಕೊಳ್ಳದಿರಲಿ.