ಇಪ್ಪತ್ತೈದು ಮೀಟರಿಗೇ ಏದುಸಿರೇಕೆ?

ಊರ ಬಾವಿಯಲ್ಲಿ ತಲೆ ಎತ್ತಿಕೊಂಡು ಗಂಟೆಗಟ್ಟಲೆ ಈಜುವ ಹುಡುಗ ಪೇಟೆಯ ಈಜುಕೊಳಕ್ಕೆ ಬಂದು, ಮುಖವನ್ನು ನೀರಿನೊಳಗಿಟ್ಟು ಫ್ರಂಟ್ ಕ್ರಾಲ್ ಶುರುಮಾಡಿದರೆ 25 ಮೀಟರಿಗೇ ಏದುಸಿರು ಬಿಡುತ್ತಾನೆ. ಕೊಳದ ಅಂಚಿನಲ್ಲಿ ಕ್ಯಾಮೆರಾ ಇಟ್ಟುಕೊಂಡು ಕುಳಿತಾಗ ಇದನ್ನು ಹಲವು ಸಲ ನೋಡಿದ್ದೇನೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಉಸಿರು ಸಾಲಲಿಲ್ಲ ಸಾರ್." ನನ್ನ ಮಟ್ಟಿಗೆ ಹೇಳುವುದಾದರೆ, ಅವನು ಉಸಿರು ಎಳೆದದ್ದು ಸಾಕಷ್ಟಿತ್ತು, ಬಿಟ್ಟದ್ದು ಸಾಲದು.

ಇದರ ಹಿಂದಿನ ವಿಜ್ಞಾನ ನಿಮ್ಮ ಪಠ್ಯಪುಸ್ತಕದಲ್ಲೇ ಇದೆ. ನಾವು ಒಳಗೆಳೆಯುವ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21. ಹೊರಬಿಡುವ ಗಾಳಿಯಲ್ಲೂ ಶೇಕಡಾ 16ರಷ್ಟು ಉಳಿದೇ ಇರುತ್ತದೆ. ಇಂಗಾಲದ ಡೈಆಕ್ಸೈಡ್ ಮಾತ್ರ ಶೇಕಡಾ 0.04ರಿಂದ ಸುಮಾರು 4ಕ್ಕೆ, ಅಂದರೆ ನೂರು ಪಟ್ಟು ಏರಿರುತ್ತದೆ. "ಉಸಿರಾಡು" ಎಂದು ಮಿದುಳಿನ ಬುಡದಿಂದ ಆಜ್ಞೆ ಹೊರಡುವುದು ಮುಖ್ಯವಾಗಿ ಇದು ರಕ್ತದಲ್ಲಿ ಹೆಚ್ಚಿದಾಗಲೇ. ನೀರಿನೊಳಗೆ ಉಸಿರು ಕಟ್ಟಿಕೊಂಡಿದ್ದು, ತಲೆ ಹೊರಳಿಸಿದ ಅರೆಕ್ಷಣದಲ್ಲಿ ಬಿಡುವುದನ್ನೂ ಎಳೆಯುವುದನ್ನೂ ಮುಗಿಸಹೊರಟರೆ ಎರಡೂ ಅರ್ಧಂಬರ್ಧವಾಗುತ್ತವೆ. ನಾಲ್ಕಾರು ಸುತ್ತಿನಲ್ಲೇ ಗಾಬರಿ ಹತ್ತಿಕೊಳ್ಳುತ್ತದೆ.

ಆದ್ದರಿಂದ ಮುಖ ನೀರಿಗೆ ಇಳಿದೊಡನೆ ಮೂಗು, ಬಾಯಿಗಳಿಂದ ಗುಳ್ಳೆ ಬಿಡುತ್ತಲೇ ಇರಿ. ಬಾಯಿ ಹೊರಬಂದಾಗ ಎಳೆಯುವುದೊಂದೇ ಕೆಲಸ ಉಳಿಯಲಿ. ಮೊದಲು ಗೋಡೆ ಹಿಡಿದು ನಿಂತು ಅಭ್ಯಾಸ ಮಾಡಿ, ನಾಚಿಕೆ ಬೇಡ. ತಲೆಯನ್ನು ಮೇಲಕ್ಕೆ ಎತ್ತಬೇಡಿ. ನಾಲ್ಕೈದು ಕಿಲೋ ತೂಗುವ ತಲೆ ಮೇಲೆದ್ದರೆ ಕಾಲು ಮುಳುಗುತ್ತದೆ. ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದ ನೀರು ಆಗ ನಿಮ್ಮನ್ನು ಹಿಂದಕ್ಕೆ ತಳ್ಳುತ್ತದೆ. ಮೈಯೊಂದಿಗೇ ತಲೆಯೂ ಪಕ್ಕಕ್ಕೆ ಹೊರಳಲಿ, ಒಂದು ಕಣ್ಣು ನೀರಿನಲ್ಲೇ ಇರಲಿ. ದೋಣಿಯ ಮೂತಿಯ ಮುಂದೆ ಅಲೆ ಏಳುವಂತೆ ನಿಮ್ಮ ತಲೆಯ ಮುಂದೆಯೂ ಅಲೆಯೆದ್ದು, ಅದರ ಹಿಂದೆ ಬಾಯಿಯ ಹತ್ತಿರ ನೀರು ಸ್ವಲ್ಪ ತಗ್ಗುತ್ತದೆ. ಆ ತಗ್ಗಿನಲ್ಲೇ ಗಾಳಿ ಸಿಗುತ್ತದೆ.

ಇಲ್ಲೊಂದು ಎಚ್ಚರಿಕೆ. ಮುಳುಗಿ ದೂರ ಹೋಗುವ ಪಂದ್ಯ ಕಟ್ಟಿ, ಅದಕ್ಕೆ ಮುಂಚೆ ಬೇಗಬೇಗ ಹತ್ತಿಪ್ಪತ್ತು ಸಲ ಉಸಿರೆಳೆದು ಬಿಡುವ ಚಾಳಿ ಕೆಲವರಿಗಿದೆ. ಇದರಿಂದ ಆಮ್ಲಜನಕ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಇಳಿಯುವುದು ಇಂಗಾಲದ ಡೈಆಕ್ಸೈಡ್. ಅಪಾಯದ ಗಂಟೆಯನ್ನೇ ಕಿತ್ತಿಟ್ಟಂತೆ! ಉಸಿರು ಬೇಕೆನ್ನಿಸುವ ಮೊದಲೇ ಆಮ್ಲಜನಕ ಕುಸಿದು, ನೀರಿನೊಳಗೆ ಸದ್ದಿಲ್ಲದೆ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜಬಲ್ಲವರೂ ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ. ಈ ಆಟ ಎಂದಿಗೂ ಬೇಡ.

ಇನ್ನು ತ್ರಾಣದ ಮಾತು. 1922ರಲ್ಲಿ ಅಮೆರಿಕದ ಜಾನಿ ವೈಸ್‌ಮುಲ್ಲರ್ 100 ಮೀಟರನ್ನು 58.6 ಸೆಕೆಂಡುಗಳಲ್ಲಿ ಈಜಿ, ಒಂದು ನಿಮಿಷದ ಗೆರೆ ದಾಟಿದ ಮೊದಲಿಗನಾದ. 2018ರಲ್ಲಿ ಅದೇ ದೇಶದ ಕೇಟಿ ಲೆಡೆಕಿ 1500 ಮೀಟರನ್ನು 15 ನಿಮಿಷ 20.48 ಸೆಕೆಂಡುಗಳಲ್ಲಿ ಮುಗಿಸಿದಳು. ಲೆಕ್ಕ ಹಾಕಿ ನೋಡಿ: ಪ್ರತಿ 100 ಮೀಟರಿಗೆ ಸುಮಾರು 61 ಸೆಕೆಂಡು, ಅದೂ ಎಡೆಬಿಡದೆ ಹದಿನೈದು ಸಲ!

ನಮಗೆ ಅಷ್ಟು ಬೇಡ. 50 ಮೀಟರ್ ನಿಧಾನವಾಗಿ ಈಜಿ, ಅರ್ಧ ನಿಮಿಷ ನಿಲ್ಲಿ, ಮತ್ತೆ ಹೊರಡಿ. ಹೀಗೆ ಎಂಟು ಸಲ, ವಾರಕ್ಕೆ ಮೂರು ದಿನ. ಮುಂದಿನ ವಾರಗಳಲ್ಲಿ ವಿಶ್ರಾಂತಿಯನ್ನು ಕಡಿಮೆ ಮಾಡುತ್ತಾ ಬನ್ನಿ, ಆಮೇಲೆ ದೂರ ಹೆಚ್ಚಿಸಿ. ಕಾಲನ್ನು ಜೋರಾಗಿ ಬಡಿಯಬೇಡಿ. ತೊಡೆಯ ದೊಡ್ಡ ಸ್ನಾಯುಗಳು ಆಮ್ಲಜನಕವನ್ನು ವಿಪರೀತ ಬಳಸುತ್ತವೆ. ಮೂರು ಕೈಬೀಸಿಗೊಮ್ಮೆ ಉಸಿರೆಳೆದರೆ ಎರಡೂ ಪಕ್ಕ ರೂಢಿಯಾಗುತ್ತದೆ. ಕಷ್ಟವೆನಿಸಿದರೆ ಎರಡಕ್ಕೆ ಇಳಿಸಿ, ಅದರಲ್ಲಿ ಅವಮಾನವೇನಿಲ್ಲ. 25 ಮೀಟರಿಗೆ ಎಷ್ಟು ಸಲ ಕೈ ಬೀಸಿದಿರೆಂದು ಎಣಿಸುತ್ತಿರಿ. ಮೊದಲ ಸುತ್ತಿನಲ್ಲಿ 24 ಇದ್ದದ್ದು ಕೊನೆಗೆ 30 ಆಗಿದ್ದರೆ, ಆವತ್ತಿನ ಮಟ್ಟಿಗೆ ಮೈ ಒರೆಸಿಕೊಂಡು ಮನೆಗೆ ಹೊರಡಬಹುದು.