ಹೆಬ್ಬೆರಳು ಎತ್ತಬೇಡಿ!

ಮುರುಡೇಶ್ವರದಿಂದ ಬೆಳಿಗ್ಗೆ ಹೊರಟ ನಮ್ಮ ದೋಣಿ ಅರ್ಧ ಗಂಟೆಯಲ್ಲಿ 123 ಅಡಿ ಎತ್ತರದ ಶಿವನನ್ನು ಬೆರಳುದ್ದದ ಗೊಂಬೆಯನ್ನಾಗಿ ಮಾಡಿತ್ತು. ನಾವು ನಾಲ್ವರು ಒಂದೇ ಊರಿನ ಶಾಲೆಯಲ್ಲಿ ಓದಿದವರು. ‘ಒಟ್ಟಿಗೆ ಎಲ್ಲಿಗಾದರೂ ಹೋಗೋಣ’ ಎಂದು ಇಪ್ಪತ್ತು ವರ್ಷ ಮಾತಾಡಿ, ಕೊನೆಗೂ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪಕ್ಕೆ ಹೊರಟಿದ್ದೆವು. ಒಬ್ಬ ಅವಲಕ್ಕಿ ಡಬ್ಬಿ ತೆರೆದ. ಇನ್ನೊಬ್ಬ ವಾಂತಿಯ ಭಯಕ್ಕೆ ಕಣ್ಣುಮುಚ್ಚಿ ಕೂತ.

ನನ್ನ ಭಯ ಬೇರೆ. ಹತ್ತನೇ ವಯಸ್ಸಿನಲ್ಲಿ ಊರ ಕೆರೆಯಲ್ಲಿ ಮುಳುಗಿದ್ದೆ. ಕೂದಲು ಹಿಡಿದು ದಡಕ್ಕೆ ಎಳೆದವನು ಈಗ ಎದುರಿಗೇ ಅವಲಕ್ಕಿ ಮುಕ್ಕುತ್ತಿದ್ದ. ಅಂದಿನಿಂದ ನೀರು ಮೊಣಕಾಲು ದಾಟಿದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಆಕಾಶದಿಂದ ನೋಡಿದರೆ ನೇತ್ರಾಣಿ ಹೃದಯದ ಆಕಾರದಲ್ಲಿದೆಯಂತೆ. ದೋಣಿಯಲ್ಲಿ ಕೂತವರಿಗೆ ಕಾಣುವುದು ತಲೆಯ ಮೇಲೆ ಹಸಿರು ಹೊತ್ತ ಕಲ್ಲುಗುಡ್ಡ. ಬಿಳಿ ಹೊಟ್ಟೆಯ ಕಡಲ ಹದ್ದೊಂದು ನಿಧಾನವಾಗಿ ಸುತ್ತುತ್ತಿತ್ತು. ದ್ವೀಪಕ್ಕೆ ಇಳಿಯುವಂತಿಲ್ಲ, ಪಕ್ಕದಲ್ಲೇ ಲಂಗರು ಹಾಕಿದರು.

ಬೆನ್ನಿಗೆ ಕಟ್ಟಿದ ಸಿಲಿಂಡರಿನಲ್ಲಿ ಇರುವುದು ಬರೀ ಆಮ್ಲಜನಕ ಎಂದು ನಾನು ತಿಳಿದಿದ್ದೆ. ಅಲ್ಲ, ನಾವು ಉಸಿರಾಡುವ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ‘ಉಸಿರು ಮಾತ್ರ ಹಿಡಿಯಬೇಡಿ ಸಾರ್’ ಎಂದು ಡೈವರ್ ಮೂರು ಸಲ ಹೇಳಿದ. ಮೇಲೆ ಬರುವಾಗ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೇ ಪೆಟ್ಟಾಗುತ್ತದೆ. ಕೈಸನ್ನೆಗಳನ್ನೂ ಕಲಿಸಿದ. ಹೆದರಿಕೆಯಲ್ಲಿ ಅರ್ಧ ಮರೆತೆ.

ಇಳಿದೆವು. ಮೊದಲು ಕಿವಿ ನೊಂದಿತು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟಾಗುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿದೆ, ‘ಟಪ್’ ಎಂದು ಕಿವಿ ಬಿಟ್ಟುಕೊಂಡಿತು. ಕಣ್ಣು ತೆರೆದರೆ ಎದುರಿಗೆ ಗಿಳಿಮೀನು! ಖುಷಿಯಲ್ಲಿ ಡೈವರ್‌ಗೆ ಹೆಬ್ಬೆರಳು ಎತ್ತಿ ತೋರಿಸಿದೆ. ಅವನು ನನ್ನನ್ನು ಹಿಡಿದು ಸೀದಾ ಮೇಲಕ್ಕೆ ತಂದ.

‘ಏನಾಯ್ತು ಸಾರ್?’

‘ಏನಿಲ್ಲಪ್ಪ, ಚೆನ್ನಾಗಿದೆ ಅಂದೆ.’

ನೀರೊಳಗೆ ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ. ‘ಎಲ್ಲ ಸರಿ’ ಎನ್ನಲು ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಅವನು ನಗುತ್ತಿರುವಾಗಲೇ ಅಲೆಯೊಂದು ಮುಖಕ್ಕೆ ಬಡಿದು ಉಪ್ಪುನೀರು ಮೂಗಿಗೇರಿತು. ಅಷ್ಟೇ, ಮತ್ತೆ ಅದೇ ಕೆರೆ. ಏಣಿ ತಬ್ಬಿಕೊಂಡು, ‘ನನಗೆ ಸಾಕು’ ಎಂದೆ.

ಅವಲಕ್ಕಿ ಗೆಳೆಯ ಪಕ್ಕದಲ್ಲಿ ತೇಲುತ್ತಿದ್ದ. ‘ಲೋ, ಹಿಡಿದೆಳೆಯೋಕೆ ಈಗ ನಿನ್ನ ತಲೇಲಿ ಕೂದಲೂ ಇಲ್ಲ. ಕೈ ಕೊಡು’ ಎಂದ. ಕೊಟ್ಟೆ.

ಎರಡನೇ ಸಲ ಎಂಟು ಮೀಟರ್ ಇಳಿದೆವು. ಮಣಿಕಟ್ಟಿನ ಕೆಂಪು ದಾರ ಕಂದುಗಪ್ಪಾಗಿತ್ತು. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನೇ. ಗಿಳಿಮೀನು ಕೊಕ್ಕಿನಂಥ ಹಲ್ಲಿನಿಂದ ಬಂಡೆ ಕೆರೆಯುವ ‘ಕರಕರ’ ಸದ್ದು ಕೇಳಿಸಿತು. ಅದು ಹವಳ ಅಗಿದು ಮರಳಾಗಿ ಹೊರಹಾಕುತ್ತದೆ. ನೀರೊಳಗೆ ಎಲ್ಲವೂ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ ಕಾಣುತ್ತವಂತೆ. ಮನೆಯಲ್ಲಿ ಹೇಳುವಾಗ ನನ್ನ ಮೀನು ಇನ್ನಷ್ಟು ಬೆಳೆದದ್ದು ಬೇರೆ ವಿಷಯ. ಗೆಳೆಯ ತಿರುಗಿ ಬೆರಳಿನ ಸೊನ್ನೆ ತೋರಿಸಿದ. ನಾನೂ ತೋರಿಸಿದೆ. ಕೈ ಬಿಟ್ಟದ್ದು ಯಾವಾಗಲೋ, ಇಬ್ಬರಿಗೂ ಗೊತ್ತಾಗಲಿಲ್ಲ.

ವಾಪಸಾಗುವಾಗ, ಕಣ್ಣುಮುಚ್ಚಿ ಕೂತಿದ್ದವನು ‘ಹೇಗಿತ್ತೋ?’ ಎಂದ. ಅಭ್ಯಾಸಬಲ, ಹೆಬ್ಬೆರಳು ಎತ್ತಿಬಿಟ್ಟೆ.

ಹಿಂದಿನಿಂದ ಡೈವರ್ ಕೂಗಿದ: ‘ಇನ್ನೂ ಎಲ್ಲಿಗೆ ಸಾರ್ ಮೇಲೆ?’